ಉಚ್ಚಮ್ಮ ಬಿಟ್ಟ ಸೊನ್ನೆ

ಹೊಳಗುಂದದ ಸೀಮೆಯ ಕುರಿ ದಲ್ಲಾಳಿಗಳಲ್ಲಿ ಟವೆಲಿನೊಳಗೆ ಕೈ ಹಾಕುವ ಹೆಂಗಸು ಉಚ್ಚಮ್ಮ ಒಬ್ಬಳೇ. ವಯಸ್ಸು ಐವತ್ತರ ಆಚೆಯೋ ಈಚೆಯೋ ಯಾರಿಗೂ ಗೊತ್ತಿಲ್ಲ. ಕೇಳಿದವರಿಗೆ ಆಕೆಯ ಉತ್ತರ ಒಂದೇ: "ಕುರಿ ವಯಸ್ಸು ಹಲ್ಲು ನೋಡಿ ಹೇಳ್ತಾರ. ನನ್ನ ಬಾಯಾಗ ಕೈ ಹಾಕ್ತಿಯೇನು? ಕಚ್ಚಿದ್ರ ಕೇಳಬ್ಯಾಡ."

ಟವೆಲಿನ ವ್ಯಾಪಾರ ನೋಡದವರಿಗೆ ಒಂದು ಮಾತು ಹೇಳಬೇಕು. ಸಂತೆಯಲ್ಲಿ ಮಾರುವವನೂ ಕೊಳ್ಳುವವನೂ ಟವೆಲಿನ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಮಾತು ನೂರರದ್ದೋ ಸಾವಿರದ್ದೋ ಎನ್ನುವುದು ಕುರಿಯ ಮೈ ನೋಡಿದರೆ ಇಬ್ಬರಿಗೂ ತಿಳಿದೇ ಇರುತ್ತದೆ. ಬಾಯಿ ಮಳೆಯ ಸುದ್ದಿ ಹೇಳುತ್ತಿರುತ್ತದೆ, ಕೈ ತನ್ನ ಕೆಲಸ ಮುಗಿಸುತ್ತದೆ. ಪಕ್ಕದಲ್ಲಿ ನಿಂತವನಿಗೆ ಟವೆಲು ಅಲ್ಲಾಡಿದ್ದಷ್ಟೇ ಗೊತ್ತು.

ಉಚ್ಚಮ್ಮನ ಅಪ್ಪ ಈ ಕಸುಬಿನಲ್ಲಿ ಹೆಸರು ಮಾಡಿದವನು. ಕಣ್ಣಿಗೆ ಪೊರೆ ಬಂದಾಗ ಮಗಳನ್ನು ಐದನೇ ಕ್ಲಾಸಿನಿಂದ ಬಿಡಿಸಿ ಸಂತೆಗೆ ಕರೆದೊಯ್ದ. ಆಕೆ ಹಲ್ಲು ನೋಡುವಳು, ಅವನು ಬೆರಳು ಓದುವನು. ಅವನು ಹೋದ ಮೇಲೆ ಎರಡೂ ಕೆಲಸ ಆಕೆಯ ಪಾಲಿಗೆ ಬಂದವು. ಮೊದಮೊದಲು ಗಂಡಸರು ಹಿಂಜರಿದರು. ದಸ್ತಗಿರಿ ಎಂಬ ದಲ್ಲಾಳಿ, "ನಿನ್ನ ಕೈ ಹಿಡಿದ್ರ ಮನ್ಯಾಗ ನನ್ನ ಹೆಂಡ್ತಿ ಊಟಕ್ಕ ಇಕ್ಕಂಗಿಲ್ಲ" ಎಂದ. ಉಚ್ಚಮ್ಮ ಸಂತೆಯೆಲ್ಲ ಕೇಳುವಂತೆ, "ಕೈ ಹಿಡಿಯೋದು ಮದುವಿಗೆ. ಕುರಿಗೆ ಹಿಡಿಯೋದು ಬೆರಳು" ಎಂದಳು. ಅಂದಿನಿಂದ ಯಾರೂ ಹಿಂಜರಿಯಲಿಲ್ಲ. ಹಿಂಜರಿದಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಎಷ್ಟೋ ಮಂದಿಗೆ ಅನ್ನಿಸಿದ್ದುಂಟು, ಅಷ್ಟು ಗಟ್ಟಿ ಚೌಕಾಸಿ ಆಕೆಯದು.

ಬೆರಳಿನ ಭಾಷೆಯಲ್ಲಿ ಏನೂ ಇಲ್ಲ ಎನ್ನುವುದಕ್ಕೂ ಒಂದು ಗುರುತಿದೆ. ಬೆರಳು ಮಡಿಸಿ ಎದುರಿನವನ ಅಂಗೈಗೆ ಮುಷ್ಟಿ ಒತ್ತಬೇಕು, ಈ ಅಂಕಿಯ ಮನೆ ಖಾಲಿ ಎಂದು. ಆದರೆ ಕೊಡುಕೊಳ್ಳುವ ಜಾಗದಲ್ಲಿ ಮುಷ್ಟಿ ಯಾರಿಗೆ ಬೇಕು? ಅರ್ಧ ಸಂತೆಗೆ ಅದು ಅಪಶಕುನ, ಇನ್ನರ್ಧಕ್ಕೆ ಅವಮಾನ. ಹಾಗಾಗಿ ದಲ್ಲಾಳಿಗಳು ನಡುವೆ ಖಾಲಿ ಬೀಳದಂಥ ಬೆಲೆಯನ್ನೇ ಹುಡುಕುತ್ತಾರೆ. ಖಾಲಿ ಬಂದರೂ ಅದರ ಮೇಲೆ ಹಾದು ಮುಂದಿನ ಬೆರಳು ಹಿಡಿಯುತ್ತಾರೆ, ಉಳಿದದ್ದನ್ನು ಎದುರಿನವನು ತಾನೇ ತಿಳಿದುಕೊಳ್ಳುತ್ತಾನೆ. ಉಚ್ಚಮ್ಮನ ಕೈ ಮುಷ್ಟಿ ಕಟ್ಟಿ ಬಹಳ ವರ್ಷವಾಗಿತ್ತು.

ಇಂಥ ಉಚ್ಚಮ್ಮನಿಗೆ ಬೆವರು ಇಳಿದದ್ದು ಹತ್ತಿ ಬಿಡಿಸುವ ಕಾಲದ ಒಂದು ಬೆಳಿಗ್ಗೆ, ತನ್ನದೇ ಹಟ್ಟಿಯಲ್ಲಿ.

ಹಟ್ಟಿಯಲ್ಲಿದ್ದ ಹದಿನಾಲ್ಕು ಮರಿಗಳು ಮಂಗಳಾಳವು. ಮಂಗಳಾ ಎರಡು ಮನೆ ಆಚೆಯವಳು, ಕೂಲಿಯವಳು. ತವರಿನಿಂದ ತಂದ ಎರಡು ಕುರಿಯಿಂದ ಇಷ್ಟು ಮಾಡಿಕೊಂಡಿದ್ದಳು. ತಾಯಿಕುರಿಗಳು ಉಚ್ಚಮ್ಮನ ಗಂಡನ ಮಂದೆಯ ಜೊತೆ ಮೇಯಲು ಹೋಗುತ್ತಿದ್ದವು, ಮರಿಗಳು ಉಚ್ಚಮ್ಮನ ಕಣ್ಣೆದುರಿಗೆ ಇರುತ್ತಿದ್ದವು. ಮಂಗಳಾ ಒಂದೊಂದಕ್ಕೂ ಹೆಸರಿಟ್ಟಿದ್ದಳು. ಮಾರುವ ಪ್ರಾಣಿಗೆ ಹೆಸರಿಡಬಾರದು ಎಂದು ಉಚ್ಚಮ್ಮ ಬೈದದ್ದಕ್ಕೆ, "ನಿನಗೂ ನಿಮ್ಮಪ್ಪ ಹೆಸರಿಟ್ಟಾನಲ್ಲ, ಮಾರಿದನೇನು?" ಎಂದಿದ್ದಳು.

ಮರಿಗಳ ಹೊಟ್ಟೆ ಉಬ್ಬಿತ್ತು, ಜಂತು ಬಿದ್ದಿತ್ತು. ಊರಿನ ಪಶು ಸಹಾಯಕಿ ಸುಜಾತಾ, ಕರ್ನೂಲು ಕಡೆಯ ತೆಲುಗು ಹುಡುಗಿ, ಸ್ಕೂಟಿಯಲ್ಲಿ ಬಂದು ಪುಟ್ಟ ಬಾಟಲಿಯನ್ನೂ ಸೂಜಿಯಿಲ್ಲದ ಸಿರಿಂಜನ್ನೂ ಕೊಟ್ಟಳು.

"ಅಕ್ಕಾ, ಇದು ಭಾಳ ಸ್ಟ್ರಾಂಗು. ನಲವತ್ತು ಕೆಜಿ ಕುರಿಗೆ ನಾಲ್ಕು ಪಾಯಿಂಟ್ ಎರಡು ಎಂಎಲ್. ಈ ಮರಿ ಹತ್ತು ಕೆಜಿ ಅದಾವು. ಅಂದ್ರ ನಾಲ್ಕರಿಂದ ಭಾಗಾಹಾರಂ ಮಾಡಬೇಕು. ಎಷ್ಟು ಬರ್ತೈತಂದ್ರ..."

ಅಷ್ಟರಲ್ಲಿ ಫೋನು ಬಂತು. ಪಕ್ಕದೂರಲ್ಲಿ ಎಮ್ಮೆಗೆ ಕರು ಅಡ್ಡ ತಿರುಗಿದೆ, ಈಗಲೇ ಬಾ ಎಂದು.

"ನೀ ಹೋಗವ್ವ" ಎಂದಳು ಉಚ್ಚಮ್ಮ. "ನನಗ ಲೆಕ್ಕ ಹೇಳಿಕೊಡ್ತಿಯೇನು? ಇಡೀ ಸಂತಿ ನನ್ನ ಬೆರಳಮ್ಯಾಲೆ ನಡೀತೈತಿ."

"ಮರಿಗೆ ಎಕ್ಕುವ ಆದ್ರ ಪ್ರಮಾದಂ ಅಕ್ಕಾ, ಹೆಚ್ಚಾದ್ರ ವಿಷಾನ. ಬಾಟ್ಲಿ ಹದಿನಾಲ್ಕಕ್ಕೂ ಸಾಕಾಗಿ ತಳಕ್ಕ ಸ್ವಲ್ಪ ಉಳೀತೈತಿ" ಎನ್ನುತ್ತಲೇ ಸ್ಕೂಟಿ ತಿರುಗಿಸಿದಳು.

ಸಿರಿಂಜಿನ ಮೇಲೆ ಎಂಎಲ್ಲಿಗೊಂದು ದೊಡ್ಡ ಗೆರೆ ಇತ್ತು, ಒಂದು ದೊಡ್ಡ ಗೆರೆಗೆ ಹತ್ತು ಸಣ್ಣ ಗೆರೆ. ಉಚ್ಚಮ್ಮ ಅಭ್ಯಾಸದಂತೆ ಸೆರಗಿನೊಳಗೆ ಎರಡೂ ಕೈ ಸೇರಿಸಿದಳು. ನಾಲ್ಕರಲ್ಲಿ ನಾಲ್ಕು ಒಂದು ಸಲ. ಒಂದು ಬೆರಳು ಹಿಡಿದಳು. ಎರಡು ಇಳಿಯಿತು. ಎರಡರಲ್ಲಿ ನಾಲ್ಕು ಹೋಗುವುದಿಲ್ಲ, ಬೆರಳು ಹಿಡಿಯುವುದೇನು? ಮುಂದೆ ಹೋದಳು. ಪಕ್ಕಕ್ಕೊಂದು ಸೊನ್ನೆ ಇಳಿಸಿದರೆ ಇಪ್ಪತ್ತು. ಇಪ್ಪತ್ತರಲ್ಲಿ ನಾಲ್ಕು ಐದು ಸಲ. ಇಡೀ ಕೈ ಹಿಡಿದಳು. ಒಂದು, ಐದು. ದೊಡ್ಡ ಗೆರೆ ಒಂದು, ಸಣ್ಣ ಗೆರೆ ಐದು. ಒಂದೂವರೆಯ ಜಾಗದಲ್ಲಿ ಸಿರಿಂಜಿನವರು ಒಂದು ಉದ್ದ ಗೀಟು ಬೇರೆ ಎಳೆದಿದ್ದರು, ಉಚ್ಚಮ್ಮನಿಗಾಗಿಯೇ ಎಳೆದಂತೆ.

ಒಂದೊಂದೇ ಮರಿ ಹಿಡಿದು ಬಾಯಿಗೆ ಹಾಕುತ್ತಾ ಬಂದಳು. ಹತ್ತನೆಯದು ಮುಗಿಸಿ ಹನ್ನೊಂದನೆಯದಕ್ಕೆ ಎಳೆಯುವಾಗ ಸಿರಿಂಜು ಗಾಳಿ ಕುಡಿಯಿತು. ಬಾಟಲಿ ಮುಗಿದಿತ್ತು. ಇನ್ನೂ ನಾಲ್ಕು ಮರಿಗಳು ಕಂಬದ ಹಿಂದೆ ನಿಂತು ಇವಳನ್ನೇ ನೋಡುತ್ತಿದ್ದವು.

ಉಚ್ಚಮ್ಮ ನೆಲ ನೋಡಿದಳು, ಚೆಲ್ಲಿರಲಿಲ್ಲ. ಬಾಟಲಿ ತಿರುಗಿಸಿದಳು, ಬಿರುಕು ಇರಲಿಲ್ಲ. ವ್ಯಾಪಾರದವರಿಗೆ ಇದು ಗೊತ್ತು: ಸರಕು ಸಾಲದೆ ಬಂದರೆ ಒಂದೋ ಯಾರೋ ಕದ್ದಿರಬೇಕು, ಇಲ್ಲ ಅಳತೆ ತಪ್ಪಿರಬೇಕು. ಹಟ್ಟಿಯಲ್ಲಿ ಕದಿಯುವವರು ಯಾರೂ ಇರಲಿಲ್ಲ.

ಔಷಧಿ ಕಂಪನಿಯವರೇ ಬಾಟಲಿಗೆ ಕಡಿಮೆ ತುಂಬಿರಬೇಕು ಎಂದು ಹೇಳಿಕೊಂಡಳು. ಹುಟ್ಟಿದಾಗಿನಿಂದ ಒಬ್ಬರಿಂದಲೂ ಮೋಸ ಹೋಗದ ಹೆಂಗಸು, ದೇವರೇ ನಾನು ಈ ಸಲ ಮೋಸ ಹೋಗಿರಲಿ ಎಂದು ಬೇಡಿಕೊಂಡಳು. ಹಾಗೆ ಬೇಡಿಕೊಳ್ಳುತ್ತಿರುವಾಗಲೇ ಕಂದು ಕಿವಿಯ ಸಣ್ಣ ಮರಿ ಕತ್ತು ಮುಂದೆ ಚಾಚಿ ನಿಂತಿತು. ತುಟಿಯಿಂದ ಜೊಲ್ಲು ದಾರದಂತೆ ಇಳಿದು ನೆಲ ಮುಟ್ಟಿತು. ಮುಂಗಾಲು ನಡುಗುತ್ತಿದ್ದವು.

ಉಚ್ಚಮ್ಮ ಅದರ ಬಾಯಿ ಒರೆಸಿದಳು. ಮತ್ತೆ ಜೊಲ್ಲು ಇಳಿಯಿತು. ಉಳಿದವನ್ನು ನೋಡಿದರೆ ಅವೂ ನಡುಗುತ್ತಿರುವಂತೆ ಕಂಡವು. ನಿಜವಾಗಿ ನಡುಗುತ್ತಿವೆಯೋ ತನ್ನ ಕಣ್ಣೇ ನಡುಗುತ್ತಿದೆಯೋ ತಿಳಿಯಲಿಲ್ಲ. ಹಲ್ಲು ನೋಡಿ ವಯಸ್ಸು, ಬೆನ್ನು ಮುಟ್ಟಿ ತೂಕ ಹೇಳುತ್ತಿದ್ದವಳಿಗೆ ಯಾವ ಮರಿ ಬದುಕುತ್ತದೆ, ಯಾವುದು ಸಾಯುತ್ತದೆ ಎನ್ನುವುದು ಮಾತ್ರ ಕಾಣಲೊಲ್ಲದು.

ಆಗ ದಸ್ತಗಿರಿ ಬಂದ. ಪತ್ತಿಕೊಂಡದ ಸಂತೆಗೆ ಗಾಡಿಯಲ್ಲಿ ಜಾಗ ಇದೆಯೇ ಎಂದು ಕೇಳಲು ಬಂದವನು, "ಏನವ್ವ, ಮಾರಿ ಕಂಡಂಗ ನಿಂತೀದಿ? ನಿನ್ನ ನೋಡಿ ಮಂದಿ ಹಂಗ ನಿಲ್ತಿದ್ರು, ಇವತ್ತು ನೀನ ನಿಂತಿಯಲ್ಲ" ಎಂದು ನಕ್ಕ.

ಉಚ್ಚಮ್ಮ ನಗಲಿಲ್ಲ. ಅವನ ಹೆಗಲ ಮೇಲಿನ ಟವೆಲು ಎಳೆದು ಅವನ ಕೈಮೇಲೆ ಹಾಕಿ, ಒಳಗೆ ಬೆರಳು ಹಿಡಿದಳು.

"ಇದೆಷ್ಟು?"

"ಒಂದು. ಆಮ್ಯಾಲೆ ಐದು. ಸಾವಿರದ ಮಾತೋ ನೂರರ ಮಾತೋ?"

"ಸಿರಿಂಜಿನ ಮಾತು."

"ಸಿರಿಂಜು ಯಾವಾಗ ಸಂತಿಗೆ ಬಂತು?"

"ನಗಬ್ಯಾಡೋ. ಇಲ್ಲಿ ಕೇಳು. ನಾಲ್ಕು ದೊಡ್ಡ ಗೆರಿ, ಎರಡು ಸಣ್ಣ ಗೆರಿ. ನಾಲ್ಕು ಪಾಲು ಮಾಡಬೇಕು. ದೊಡ್ಡವು ಪಾಲಿಗೆ ಒಂದೊಂದು ಬಂತು. ಸಣ್ಣವು ಎರಡೇ ಅದಾವು, ನಾಲ್ಕು ಪಾಲಿಗೆ ಹೋಗಂಗಿಲ್ಲ."

"ಹೋಗದಿದ್ರ ಏನು ಕೊಟ್ಟಿ?"

"ಏನೂ ಕೊಟ್ಟಿಲ್ಲ. ಒಂದೊಂದು ಸಣ್ಣ ಗೆರಿ ಮುರಿದು ಹತ್ತತ್ತು ಎಳಿ ಮಾಡಿದೆ. ಇಪ್ಪತ್ತು ಆದವು. ಪಾಲಿಗೆ ಐದು..."

ಮಾತು ಅಲ್ಲೇ ನಿಂತಿತು. ಐದು ಏನು? ಐದು ಎಳೆ. ಕೂದಲಿನಷ್ಟು ತೆಳ್ಳಗಿನವು, ಸಿರಿಂಜಿನ ಮೇಲೆ ಗೆರೆಯೇ ಇಲ್ಲದಂಥವು. ಅವನ್ನು ಆಕೆ ಸಣ್ಣ ಗೆರೆಯ ಮನೆಯಲ್ಲಿ ಕೂರಿಸಿದ್ದಳು. ಯಾಕೆಂದರೆ ಆ ಮನೆ ಖಾಲಿ ಇತ್ತು, ಖಾಲಿ ಇದೆ ಎಂದು ಆಕೆ ಹೇಳಿರಲಿಲ್ಲ. ಎರಡು ಇಳಿದಾಗ, ಹೋಗುವುದಿಲ್ಲ ಎಂದು ತಿಳಿದಾಗ, ಅಲ್ಲೇ ಒಂದು ಮುಷ್ಟಿ ಒತ್ತಬೇಕಿತ್ತು. ದೊಡ್ಡ ಗೆರೆ ಒಂದು, ಸಣ್ಣ ಗೆರೆ ಸೊನ್ನೆ, ಎಳೆ ಐದು. ಒಂದರ ಗೆರೆಯ ಮೇಲೆ ಕೂದಲಷ್ಟು ಹಾಕಬೇಕಾದಲ್ಲಿ ಅರ್ಧ ದೊಡ್ಡ ಗೆರೆಯನ್ನೇ ಹೆಚ್ಚಿಗೆ ಕುಡಿಸಿದ್ದಳು, ಒಂದಲ್ಲ ಎರಡಲ್ಲ, ಹತ್ತು ಎಳೆಯ ಮರಿಗಳಿಗೆ. ಇಳಿದು ಬಂದ ಪ್ರತಿ ಅಂಕಿಗೂ ಮೇಲೆ ಒಂದು ಉತ್ತರ ಕೂರಬೇಕು, ಕೊಡಲು ಏನೂ ಇಲ್ಲದಿದ್ದರೆ ಇಲ್ಲ ಎನ್ನುವ ಉತ್ತರವಾದರೂ. ಐದನೇ ಕ್ಲಾಸಿನ ಮೇಷ್ಟ್ರು ಆಕೆಯ ಪಾಟಿಯ ಮೇಲೆ ಕೆಂಪು ಬಳಪದಿಂದ ಗೀಚಿ "ಸುನ್ನಾ ಎಕ್ಕಡ?", ಸೊನ್ನೆ ಎಲ್ಲಿ, ಎಂದು ತೆಲುಗಿನಲ್ಲಿ ಕೇಳುತ್ತಿದ್ದರೇ ಹೊರತು ಇಷ್ಟನ್ನು ಹೇಳಿರಲಿಲ್ಲ. ಹೇಳುವಷ್ಟರಲ್ಲಿ ಅಪ್ಪನ ಕಣ್ಣು ಹೋಗಿತ್ತೋ ಏನೋ.

ಉಚ್ಚಮ್ಮ ಟವೆಲಿನಿಂದ ಕೈ ತೆಗೆದಳು. "ದಸ್ತಗಿರಿ, ನಾ ಈ ಮರಿಗಳಿಗೆ ವಿಷ ಹಾಕೀನಿ."

ದಸ್ತಗಿರಿ ಮರಿಗಳನ್ನು ನೋಡಿದ. ಕಂದು ಕಿವಿಯದು ಈಗ ಮಂಡಿ ಊರಿತ್ತು. ಅವನು ಧ್ವನಿ ಇಳಿಸಿ, "ಇವು ಮಂಗಳಾನವಲ್ಲ?" ಎಂದ. ಆಮೇಲೆ ಇನ್ನೂ ಇಳಿಸಿ, "ಜೋಳದ ಎಳೆ ಚಿಗುರು ಮೇದಾವು ಅಂತ ಹೇಳು. ಅದು ಮೇದ್ರ ಹಿಂಗ ಆಗ್ತೈತಿ, ಊರಿಗೆಲ್ಲ ಗೊತ್ತು. ಹೊಲದಾಗ ನಾನೂ ನೋಡೀನಿ ಅಂತೀನಿ" ಎಂದ.

ಒಳ್ಳೆಯ ಸುಳ್ಳು. ದಸ್ತಗಿರಿ ಸಂತೆಯಲ್ಲಿ ಸುಮ್ಮನೆ ಇಷ್ಟು ವರ್ಷ ಬದುಕಿರಲಿಲ್ಲ. ಉಚ್ಚಮ್ಮ ಅದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದಳು, ಎಲ್ಲೂ ತೂತು ಕಾಣಲಿಲ್ಲ. ಮಂಗಳಾ ನಂಬುತ್ತಾಳೆ, ಊರು ನಂಬುತ್ತದೆ. ಆದರೆ ಸುಜಾತಾ ಕೂಡ ನಂಬುತ್ತಾಳಲ್ಲ? ಚಿಗುರು ಮೇದ ಮರಿಗೆ ಕೊಡುವ ಮದ್ದನ್ನೇ ಕೊಡುತ್ತಾಳೆ. ಆ ಸುಳ್ಳು ಉಚ್ಚಮ್ಮನನ್ನು ಉಳಿಸಬಹುದು, ಮರಿಗಳನ್ನು ಮಾತ್ರ ಉಳಿಸುವುದಿಲ್ಲ.

ಫೋನು ತೆಗೆದಳು. ರಿಂಗಾಗಿ ರಿಂಗಾಗಿ ನಿಂತಿತು. ಎಮ್ಮೆಯ ಹೊಟ್ಟೆಯೊಳಗೆ ಕೈ ಇರುವವಳು ಹೇಗೆ ಎತ್ತಿಯಾಳು? ಮತ್ತೆ ಮಾಡಿದಳು. ಆ ಹೊತ್ತಿಗೆ ಇನ್ನೊಂದು ಮರಿ ಜೊಲ್ಲು ಸುರಿಸತೊಡಗಿತ್ತು. ಕೊನೆಗೂ ಸುಜಾತಾ ಎತ್ತಿದಳು.

"ಹೇಳು ಅಕ್ಕಾ."

"ಸುಜಾತಾ, ಲೆಕ್ಕ ತಪ್ಪೀನಿ. ಒಂದು ದೊಡ್ಡ ಗೆರಿ, ಐದು ಸಣ್ಣ ಗೆರಿ ಹಾಕೀನಿ. ಹತ್ತು ಮರಿಗೆ. ಎರಡಕ್ಕ ಆಗಲೇ ಜೊಲ್ಲು."

ಆ ಕಡೆ ಬಕೀಟು ಉರುಳಿದ ಸದ್ದಾಯಿತು.

"ನೆರಳಿಗೆ ಹಾಕು" ಎಂದಳು ಸುಜಾತಾ. ಧ್ವನಿ ಬದಲಾಗಿತ್ತು. "ಓಡಿಸಬ್ಯಾಡ, ಎತ್ತಬ್ಯಾಡ, ಬಾಯಿಗೆ ನೀರು ಹೊಯ್ಯಬ್ಯಾಡ, ಶ್ವಾಸಕ್ಕ ಹೋಗ್ತೈತಿ. ತಲಿ ಎತ್ತರಕ್ಕ ಇಡು. ವಸ್ತಾನು, ಬರ್ತೀನಿ."

ಆಕೆ ಬರುವ ತನಕದ ಹೊತ್ತು ಉಚ್ಚಮ್ಮನಿಗೆ ಈಗಲೂ ಪೂರ್ತಿ ನೆನಪಿಲ್ಲ. ಗೋಣಿಚೀಲ ಹಾಸಿದ್ದು ನೆನಪಿದೆ. ಕಂದು ಕಿವಿಯದರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತದ್ದು, ಅದರ ಉಸಿರು ತಡೆದಾಗ ತನ್ನ ಉಸಿರೂ ತಡೆದದ್ದು ನೆನಪಿದೆ. ಅದಕ್ಕೆ ಮಂಗಳಾ ಇಟ್ಟ ಹೆಸರೇನು ಎಂದು ಎಷ್ಟು ಯೋಚಿಸಿದರೂ ಬರಲಿಲ್ಲ. ಬಂದರೂ ಕರೆಯುವ ಧೈರ್ಯ ಇರಲಿಲ್ಲ. ಮಂಗಳಾ ಆ ಹೊತ್ತಿಗೆ ಮೈಲಿಯಾಚೆಯ ಹೊಲದಲ್ಲಿ ಸೆರಗಿಗೆ ಹತ್ತಿ ತುಂಬಿಕೊಳ್ಳುತ್ತಾ ಯಾರ ಮೇಲೋ ನಗೆಚಾಟಿಕೆ ಮಾಡುತ್ತಿರಬೇಕು. ಹೋಗು ಎಂದರೂ ದಸ್ತಗಿರಿ ಹೋಗಲಿಲ್ಲ. ಟವೆಲು ನೆನೆಸಿ ನೆನೆಸಿ ತಂದು ಮರಿಗಳ ಬಾಯಿ ಒರೆಸಿದ.

ಸುಜಾತಾ ಬಂದಾಗ ಮೊಣಕೈ ತನಕ ಎಮ್ಮೆಯ ರಕ್ತ ಒಣಗಿತ್ತು. ಮೂರು ಮರಿಗೆ ಸೂಜಿ ಹಾಕಿದಳು. ಉಳಿದವುಗಳ ಕಣ್ಣು, ವಸಡು ನೋಡಿದಳು. "ಇವು ತಡಕೊಂಡಾವು. ಈ ಮೂರು ಸಂಜಿ ತನಕ ನೋಡಬೇಕು" ಎಂದಳು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಸ್ವಲ್ಪ ಹಗುರಾಗಬಹುದಿತ್ತು. "ತಪ್ಪು ನಂದೂ ಐತಿ ಅಕ್ಕಾ, ಉತ್ತರ ಹೇಳಿ ಹೋಗಬೇಕಿತ್ತು" ಎಂದು ಬೇರೆ ಅಂದಳು. ಔಷಧಿ ಸಿಗದ ನಾಲ್ಕು ಮರಿಗಾಗಿ ಇನ್ನೊಂದು ಬಾಟಲಿ ಇಟ್ಟು, ಬಿಟ್ಟು ಬಂದ ಎಮ್ಮೆಯ ಕಡೆಗೆ ಮತ್ತೆ ಓಡಿದಳು. ಉಚ್ಚಮ್ಮ ಅದನ್ನು ಹಾವಿನ ಬುಟ್ಟಿಯಂತೆ ದೂರದಿಂದ ನೋಡಿ ಗೂಡಿನಲ್ಲಿಟ್ಟಳು.

ಸಂಜೆ ಕೂಲಿಯವರ ಆಟೋ ಬಂದು ನಿಂತಿತು. ಮೂರರಲ್ಲಿ ಎರಡು ಮರಿ ಎದ್ದಿದ್ದವು. ಕಂದು ಕಿವಿಯದು ಎದ್ದಿರಲಿಲ್ಲ.

ಮಂಗಳಾ ಹಟ್ಟಿಯ ಬಾಗಿಲಲ್ಲೇ ನಿಂತಳು. "ಅಕ್ಕಾ, ಇದ್ಯಾಕ ಮಲಗೈತಿ?"

ಉಚ್ಚಮ್ಮನ ಬಾಯಲ್ಲಿ ಜೋಳದ ಚಿಗುರು ಸಿದ್ಧವಾಗಿ ನಿಂತಿತ್ತು, ದಸ್ತಗಿರಿ ಕೊಟ್ಟದ್ದು, ಇನ್ನೂ ಹಸಿರಾಗಿ. ಅದನ್ನು ನುಂಗಿದಳು. "ನಾ ಔಷಧಿ ಹೆಚ್ಚು ಹಾಕೀನಿ. ಹುಡುಗಿ ಸರಿಯಾಗೇ ಹೇಳಿದ್ದಳು. ಪಾಲು ಮಾಡೋವಾಗ ಒಂದು ಸೊನ್ನಿ ಬಿಟ್ಟೆ."

"ಸೊನ್ನಿ ಬಿಟ್ರ ಕಡಿಮಿ ಆಗಬೇಕಲ್ಲ, ಹೆಚ್ಚು ಹೆಂಗಾತು?"

"ಇದ್ರಾಗ ಹೆಚ್ಚಾಗ್ತೈತಿ. ಸೊನ್ನಿ ಇದ್ದಿದ್ರ ಐದನ್ನ ಹಿಂದಕ್ಕ ತಳ್ಳಿ ಕೂರಿಸ್ತಿತ್ತು. ಅದು ಇಲ್ಲದ್ದಕ್ಕ ಐದು ಮುಂದ ಬಂದು ಕುಂತಿತು."

ಮಂಗಳಾಳಿಗೆ ಅರ್ಥವಾಯಿತೋ ಇಲ್ಲವೋ. ಮರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದು, ಎದ್ದವನ್ನೆಲ್ಲ ತನ್ನ ಮನೆಯ ಕಡೆ ಅಟ್ಟಿದಳು. ಕಂದು ಕಿವಿಯದರ ಹತ್ತಿರ ಬಗ್ಗಿ ಕೂತು ಅದರ ಹಣೆ ಸವರಿದಳು.

"ಇದು ಇಲ್ಲೇ ಇರ್ಲಿ" ಎಂದಳು. "ಸತ್ರ ನಿನ್ನ ಮುಂದ ಸಾಯ್ಲಿ. ನಾ ನೋಡಂಗಿಲ್ಲ."

ತಿರುಗಿ ನೋಡದೆ ಹೋದಳು. ಉಚ್ಚಮ್ಮ ಅಂದು ಒಲೆ ಹಚ್ಚಲಿಲ್ಲ. ಮರಿಯ ಪಕ್ಕದಲ್ಲೇ ಕೂತಳು.

ಬೆಳಗಾದಾಗ ಮರಿ ಎದ್ದು ನಿಂತಿತ್ತು. ಒಮ್ಮೆ ಮುಗ್ಗರಿಸಿ, ಮತ್ತೆ ಎದ್ದು, ಉಚ್ಚಮ್ಮನ ಸೀರೆಯ ಅಂಚು ಚೀಪತೊಡಗಿತು. ಆಕೆಗೆ ಓಡಿ ಹೋಗಿ ಹೇಳಬೇಕೆನಿಸಿತು. ಹೇಳಿ ಬರುವಷ್ಟರಲ್ಲಿ ಮತ್ತೆ ಬಿದ್ದರೆ? ಹಾಗಾಗಿ ಅಲ್ಲೇ ಕೂತಳು, ಮಂಗಳಾ ತಾನಾಗಿ ಬರುವ ತನಕ.

ಮಂಗಳಾ ಬಂದಳು, ಔಷಧಿ ಸಿಗದ ನಾಲ್ಕು ಮರಿಗಳನ್ನು ಹಗ್ಗದಲ್ಲಿ ಹಿಡಿದುಕೊಂಡು. ಕಂದು ಕಿವಿಯದನ್ನು ಎತ್ತಿ ಎದೆಗೊತ್ತಿಕೊಂಡು ಅದರ ಕಿವಿ ಸವರಿದಳು. ಆಮೇಲೆ ಹಗ್ಗ ಮುಂದೆ ಚಾಚಿದಳು.

"ಇವಕ್ಕ ಹಾಕು."

"ನಾನಾ? ಬ್ಯಾಡವ್ವ. ಸುಜಾತಾ ಬರ್ಲಿ."

"ಆಕಿ ಬರೋದು ಸೋಮವಾರ. ಅಷ್ಟರಾಗ ಜಂತು ಇವನ್ನ ತಿಂದು ಹಾಕ್ತಾವು. ನೀನ ಹಾಕು. ಆದ್ರ ಸೆರಗಿನೊಳಗ ಬ್ಯಾಡ. ಬಾಯಿಬಿಟ್ಟು ಲೆಕ್ಕ ಹಾಕು, ನಾ ಕೇಳ್ತೀನಿ."

"ನಿನಗ ಲೆಕ್ಕ ಬರ್ತೈತೇನು?"

"ಬರಂಗಿಲ್ಲ. ನೀ ಎಲ್ಲಿ ಸುಮ್ಮನಾಗ್ತಿ ಅಂತ ಗೊತ್ತಾಗ್ತೈತಿ."

ಉಚ್ಚಮ್ಮ ಗೂಡಿನಿಂದ ಬಾಟಲಿ ತಂದಳು. ಸಿರಿಂಜನ್ನು ಸೆರಗಿನಾಚೆ, ಮಂಗಳಾಳಿಗೆ ಕಾಣುವಂತೆ ಹಿಡಿದಳು. "ನಾಲ್ಕರಾಗ ನಾಲ್ಕು ಒಂದು ಸಲ" ಎಂದಳು. "ಎರಡು ಇಳೀತು. ಎರಡರಾಗ ನಾಲ್ಕು ಹೋಗಂಗಿಲ್ಲ..."

ನಾಲಿಗೆ ತಾನಾಗಿಯೇ ಇಪ್ಪತ್ತರ ಕಡೆ ಜಾರಲು ನೋಡಿತು. ಮಂಗಳಾ ಅಲುಗಾಡದೆ ಆಕೆಯ ಬಾಯಿಯನ್ನೇ ನೋಡುತ್ತಿದ್ದಳು.

"ಸೊನ್ನಿ" ಎಂದಳು ಉಚ್ಚಮ್ಮ, ಮರಿಗಳು ಬೆಚ್ಚಿ ತಿರುಗುವಷ್ಟು ಜೋರಾಗಿ. "ಸಣ್ಣ ಗೆರಿ ಸೊನ್ನಿ. ಈಗ ಇಪ್ಪತ್ತು. ಎಳಿ ಐದು. ಒಂದರ ಮ್ಯಾಲೆ ಕೂದಲಷ್ಟು."

ಮಂಗಳಾ ಮೊದಲ ಮರಿಯ ಬಾಯಿ ಬಿಡಿಸಿ ಹಿಡಿದಳು.